ಆ ಪುಸ್ತಕ ರಾತ್ರಿ ಎಲ್ಲಿರುತ್ತೆ?

ಹೆಸರು, ಊರು, ಪತ್ರಿಕೆ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಕೆಲವು ವಿವರಗಳನ್ನು ಬೇಕಂತಲೇ ಬದಲಿಸಿದ್ದೇನೆ. ಅವರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಮನಸ್ಸಿನ ತೊಂದರೆಗೆ ಸಲಹೆ ಕೊಡುವುದು ನನ್ನ ಕೆಲಸ. ಬರೆದದ್ದಕ್ಕೆ ಏನಾಗುತ್ತೋ ಅನ್ನೋ ಹೆದರಿಕೆ ಹೊತ್ತು ನನ್ನ ಹತ್ತಿರ ಬಂದ ಪತ್ರಕರ್ತರಲ್ಲಿ ಇವರು ಮೂರನೆಯವರು. ಮೊದಲಿನ ಇಬ್ಬರಿಗೆ ನನ್ನಿಂದ ಏನಾದರೂ ಉಪಯೋಗ ಆಯಿತಾ ಅನ್ನೋ ಅನುಮಾನ ನನಗಿನ್ನೂ ಇದೆ.

ಹಿನ್ನೆಲೆ ಇಷ್ಟೇ. ನಲವತ್ತು ದಾಟಿದ ವರದಿಗಾರ. ಸರ್ಕಾರದ ಒಳಗಿನವರೊಬ್ಬರು ಕೊಟ್ಟ ಗೋಪ್ಯ ಕಡತ ಇಟ್ಟುಕೊಂಡು ವರದಿ ಮಾಡಿದ್ದರು. ವರದಿ ಸುಳ್ಳು ಅಂತ ಯಾರೂ ಹೇಳಲಿಲ್ಲ. ಕೇಸೂ ಹಾಕಲಿಲ್ಲ. ಒಬ್ಬ ಅಧಿಕಾರಿ ಫೋನ್ ಮಾಡಿ, "ಸುಮ್ನೆ ಬಂದು ಹೋಗಿ, ಮಾತಾಡೋಣ" ಅಂದರು. ಇವರು ಒಬ್ಬರೇ ಹೋದರು. ಟೀ ಕೊಟ್ಟರಂತೆ. ಕಡತದ ಬಗ್ಗೆ ಒಂದೆರಡು ಮಾತು, ಅಷ್ಟೇ. ಏಳುವಾಗ ಅಧಿಕಾರಿ ನಗುತ್ತಾ ಕೇಳಿದರು: "ಮಗಳು ಈಗ ಯಾವ ಕ್ಲಾಸು?"

ಇದನ್ನ ಹಿಡಿದುಕೊಂಡು ಯಾರಿಗೆ ದೂರು ಕೊಡೋದು? ನೆಂಟರೂ ಕೇಳೋ ಪ್ರಶ್ನೆ ಅದು. ಆದರೆ ತನಗೆ ಮಗಳಿದ್ದಾಳೆ ಅಂತ ಇವರು ಅಲ್ಲಿ ಹೇಳಿಯೇ ಇರಲಿಲ್ಲ.

ಆವತ್ತಿನಿಂದ ನಿದ್ದೆ ಹೋಯಿತು. ಫೋನ್ ಬಂದರೆ ಎದ್ದು ಹೊರಗೆ ಹೋಗಿ ಮಾತಾಡುವುದು, ರಾತ್ರಿ ಫೋನನ್ನು ಬಚ್ಚಲುಮನೆಯಲ್ಲಿಟ್ಟು ಬಾಗಿಲು ಹಾಕುವುದು ಶುರುವಾಯಿತು. ಹೆಂಡತಿಗೆ ಒಂದಕ್ಷರ ಹೇಳಿರಲಿಲ್ಲ.

ಮೊದಲ ಭೇಟಿಯಲ್ಲಿ ನಾನು ಎಡವಿದೆ. ಆತಂಕದವರು ಬಂದರೆ ನಾವು ಕೇಳುವ ಪ್ರಶ್ನೆ ಒಂದಿದೆ: "ಹಾಗಾಗುತ್ತೆ ಅನ್ನೋದಕ್ಕೆ ಆಧಾರ ಏನು?" ಸ್ವಲ್ಪ ಎದೆ ಹಿಡಿದರೂ ಹಾರ್ಟ್ ಅಟ್ಯಾಕ್ ಅಂತ ಹೆದರುವವರಿಗೆ ಅದು ಒಳ್ಳೇ ಪ್ರಶ್ನೆ. ಇವರ ಹೊಟ್ಟೆಪಾಡೇ ಆಧಾರ ಹುಡುಕೋದು. ಬೆರಳು ಮಡಚಿ ಎಣಿಸಿದರು. 2013ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ 20ಕ್ಕೂ ಹೆಚ್ಚು ಫೋನ್ ಲೈನ್‌ಗಳ ಎರಡು ತಿಂಗಳ ಕರೆ ವಿವರಗಳನ್ನು ಅಮೆರಿಕದ ನ್ಯಾಯ ಇಲಾಖೆ ಗುಟ್ಟಾಗಿ ತರಿಸಿಕೊಂಡದ್ದು ಬಯಲಾಯಿತು. ಅದೇ ವರ್ಷ ಆಗಸ್ಟ್ 18ರಂದು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ, ಅಮೆರಿಕದ ಗುಟ್ಟಿನ ಕಣ್ಗಾವಲನ್ನು ಬಯಲು ಮಾಡಿದ ಸ್ನೋಡೆನ್ ಕಡತಗಳ ಬಗ್ಗೆ ಬರೆಯುತ್ತಿದ್ದ ಪತ್ರಕರ್ತ ಗ್ಲೆನ್ ಗ್ರೀನ್‌ವಾಲ್ಡ್ ಅವರ ಸಂಗಾತಿ ಡೇವಿಡ್ ಮಿರಾಂಡಾ ಅವರನ್ನು ಹತ್ತಿರ ಹತ್ತಿರ ಒಂಬತ್ತು ಗಂಟೆ ಕೂರಿಸಿಕೊಂಡರು. ಬಳಸಿದ್ದು ಭಯೋತ್ಪಾದನೆ ತಡೆಯುವ ಕಾನೂನು. "ಇನ್ನೂ ಬೇಕಾ ಮೇಡಂ?" ಅಂದರು. ನಾನು ಬೇಡ ಅಂದೆ.

ಎರಡನೇ ಭೇಟಿ. ಅವರು ಮಾತಾಡುತ್ತಿದ್ದರು, ನಾನು ಎಂದಿನಂತೆ ಬರೆದುಕೊಳ್ಳುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಮಾತು ನಿಲ್ಲಿಸಿ ನನ್ನ ಕೈ ಕಡೆ ನೋಡಿದರು.

"ಮೇಡಂ, ಆ ಪುಸ್ತಕ ರಾತ್ರಿ ಎಲ್ಲಿರುತ್ತೆ?"

ನಿಜ ಹೇಳಬೇಕು ಅಂದ್ರೆ, ಪೆನ್ನು ಆಗಲೇ 'ಅತಿ ಸಂಶಯ' ಅಂತ ಬರೆಯೋಕೆ ಹೊರಟಿತ್ತು. ಕೈ ತಡೆದದ್ದು ಒಂದು ಹಳೇ ಸಂಗತಿ. ವಿಯೆಟ್ನಾಂ ಯುದ್ಧದ ಗೋಪ್ಯ ಕಡತಗಳನ್ನು ಪತ್ರಿಕೆಗಳಿಗೆ ಕೊಟ್ಟವರು ಡೇನಿಯಲ್ ಎಲ್ಸ್‌ಬರ್ಗ್. 1971ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಶ್ವೇತಭವನದ ಕಡೆಯವರು ಕಳಿಸಿದ ಜನ ರಾತ್ರಿ ಹೊತ್ತು ಬೀಗ ಮುರಿದು ನುಗ್ಗಿದ್ದು ಅವರ ಮನೆಗಲ್ಲ, ಅವರ ಮನೋವೈದ್ಯ ಲೂಯಿಸ್ ಫೀಲ್ಡಿಂಗ್ ಅವರ ಕೋಣೆಗೆ. ಹುಡುಕಿದ್ದು ಎಲ್ಸ್‌ಬರ್ಗ್ ಅವರ ಫೈಲು. ನಶೆಯವರು ಮಾಡಿದ ಕಳ್ಳತನದ ಹಾಗೆ ಕಾಣಲಿ ಅಂತ ಮಾತ್ರೆಗಳನ್ನು ನೆಲದ ಮೇಲೆಲ್ಲ ಚೆಲ್ಲಿ ಹೋದರು. ಅದು ಹೊರಗೆ ಬಂದದ್ದು ಸುಮಾರು ಒಂದೂವರೆ ವರ್ಷ ಆದಮೇಲೆ. 1973ರ ಮೇನಲ್ಲಿ ಎಲ್ಸ್‌ಬರ್ಗ್ ಮೇಲಿನ ಕೇಸನ್ನು ನ್ಯಾಯಾಧೀಶರು ಕೈಬಿಟ್ಟದ್ದಕ್ಕೆ ಈ ಕಳ್ಳತನವೂ ಒಂದು ಕಾರಣ.

ಅಂದರೆ ಅವರು ಕೇಳಿದ್ದು ರೋಗದ ಲಕ್ಷಣ ಅಲ್ಲ. ನಾನೇ ನನಗೆ ಕೇಳಿಕೊಳ್ಳಬೇಕಿದ್ದ ಪ್ರಶ್ನೆ.

"ಈ ಡ್ರಾಯರ್‌ನಲ್ಲಿ ಇರುತ್ತೆ. ಬೀಗ ಇದೆ. ಹೇರ್‌ಪಿನ್ ಹಾಕಿದರೆ ತೆಗೀಬಹುದು" ಅಂದೆ. ಪುಸ್ತಕ ತಿರುಗಿಸಿ ಅವರ ಮುಂದಿಟ್ಟೆ.

ಓದಿದರು. ಕರಡು ತಿದ್ದುವವರು ಓದೋ ಹಾಗೆ, ಸಾಲಿನ ಕೆಳಗೆ ಬೆರಳಿಟ್ಟು. ಒಂದು ಕಡೆ ಬೆರಳು ನಿಂತಿತು. ಕಡತ ಕೊಟ್ಟವರ ಬಗ್ಗೆ ನಾನು ಬರೆದಿದ್ದದ್ದು ಐದೇ ಪದ. ಎಷ್ಟು ವರ್ಷದ ಪರಿಚಯ, ಎಲ್ಲಿಂದ ಅಂತ. "ಇದೊಂದು ಸಾಲು ಸಾಕು ಮೇಡಂ, ಅವರು ಯಾರು ಅಂತ ಹುಡುಕೋಕೆ."

ದಾಖಲೆ ಹರಿಯಬಾರದು ಅಂತ ಕಲಿತವಳು ನಾನು. ಆವತ್ತು ಹಾಳೆ ಹರಿದು ಅವರ ಕೈಗೆ ಕೊಟ್ಟೆ. ಯಾವ ನೋಟಿಸೂ ಬಂದಿರಲಿಲ್ಲ, ಯಾರೂ ಏನನ್ನೂ ಕೇಳಿರಲಿಲ್ಲ. ಆದರೂ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪಲಿಲ್ಲ. ಆ ಐದು ಪದ ವರದಿಗಾರರ ಚಿಕಿತ್ಸೆಗೆ ಬೇಕಿರಲಿಲ್ಲ, ಅಭ್ಯಾಸಬಲದಿಂದ ಬರೆದಿದ್ದೆ. ಬೇಡದ್ದನ್ನು ಬರೆದದ್ದೇ ತಪ್ಪು, ಹರಿದದ್ದಲ್ಲ ಅಂತ ನನ್ನ ವಾದ. ಆ ಸಹೋದ್ಯೋಗಿ ಇನ್ನೂ ಒಪ್ಪದೆ ತಲೆ ಅಲ್ಲಾಡಿಸುತ್ತಾರೆ.

ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಅವರು ತುಂಬಾ ಹೊತ್ತು ಸುಮ್ಮನೆ ಕೂತರು. ಆಮೇಲೆ ಅಂದರು: "ನನಗೆ ತಲೆ ಕೆಟ್ಟಿಲ್ಲ ಅಂತ ಒಬ್ಬರಾದರೂ ಒಪ್ಪಿದ್ರಲ್ಲ."

ನನ್ನ ಸಲಹೆ ಶುರುವಾಗಿದ್ದು ಅಲ್ಲಿಂದ. ನೀವು ಎರಡು ಗುಟ್ಟು ಹೊತ್ತುಕೊಂಡಿದ್ದೀರಿ ಅಂದೆ. ಕಡತ ಕೊಟ್ಟವರ ಹೆಸರು ಒಂದು. ಅದನ್ನು ಯಾರಿಗೂ ಹೇಳಬೇಡಿ, ನನಗಂತೂ ಬೇಡವೇ ಬೇಡ. ನಿಮ್ಮ ಹೆದರಿಕೆ ಇನ್ನೊಂದು. ಅದನ್ನ ಗುಟ್ಟು ಮಾಡಿ ಅಂತ ಯಾರು ಹೇಳಿದ್ದು? ಇವತ್ತೇ ಹೆಂಡತಿಗೆ ಹೇಳಿ. ಕಡತದಲ್ಲಿ ಏನಿತ್ತು ಅಂತಲ್ಲ, ನಿಮಗೆ ಏನಾಯಿತು ಅಂತ.

ಇದಕ್ಕೂ ಆಕ್ಷೇಪ ಬಂತು. ಆಕೆಗೆ ಗೊತ್ತಿಲ್ಲದಿದ್ದರೆ ಸುರಕ್ಷಿತವಾಗಿ ಇರ್ತಾಳೆ, ನಾಳೆ ಯಾರಾದರೂ ಕೇಳಿದರೆ ಹೇಳೋಕೆ ಏನೂ ಇರಲ್ಲ, ಅಲ್ವಾ? ಇರಬಹುದು. ಆದರೆ 2019ರ ಜೂನ್ 4ರಂದು ಆಸ್ಟ್ರೇಲಿಯಾದ ಪತ್ರಕರ್ತೆ ಅನಿಕಾ ಸ್ಮೆತರ್ಸ್ಟ್ ಅವರನ್ನು ಹುಡುಕಿಕೊಂಡು ಪೊಲೀಸರು ಬಂದದ್ದು ಕಚೇರಿಗಲ್ಲ, ಮನೆಗೆ. ಗಂಟೆಗಟ್ಟಲೆ ಜಾಲಾಡಿದರು. ಆ ವಾರಂಟೇ ಸಿಂಧುವಲ್ಲ ಅಂತ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ಹೇಳಿದ್ದು 2020ರ ಏಪ್ರಿಲ್‌ನಲ್ಲಿ. ನಡುವೆ 10 ತಿಂಗಳು. ಮನೆ ಬಾಗಿಲು ತಟ್ಟುವವರು ಒಳಗಿರುವವರಿಗೆ ಎಷ್ಟು ಗೊತ್ತು ಅಂತ ಕೇಳಿಕೊಂಡು ಬರುವುದಿಲ್ಲ. ಬಾಗಿಲು ತೆಗೆಯುವವರಿಗೆ ಒಂದು ಸುಳಿವಾದರೂ ಇರಲಿ ಅಂತ ನನ್ನ ಹಟ.

ಉಳಿದದ್ದು ಸಣ್ಣ ಸಣ್ಣ ಮಾತು. ನನಗಿಂತ ಮೊದಲು ವಕೀಲರ ಹತ್ತಿರ ಹೋಗಿ. ಅವರ ಹತ್ತಿರ ಆಡಿದ ಮಾತಿಗೆ ಬಹಳ ದೇಶಗಳಲ್ಲಿ ಕಾನೂನಿನ ಕಾವಲಿದೆ, ನನ್ನ ಹತ್ತಿರ ಆಡಿದ್ದಕ್ಕೆ ಎಲ್ಲ ಕಡೆ ಅಷ್ಟು ಗಟ್ಟಿ ಕಾವಲಿಲ್ಲ. ಇನ್ನೊಮ್ಮೆ 'ಸುಮ್ನೆ ಬನ್ನಿ' ಅಂದರೆ ಬರವಣಿಗೆಯಲ್ಲಿ ಕೇಳಿ, ಒಬ್ಬರೇ ಹೋಗಬೇಡಿ. ಯಾರು, ಯಾವಾಗ, ಏನು ಅಂದರು ಅನ್ನೋದನ್ನು ಅದೇ ದಿನ ಬರೆದು ಸಂಪಾದಕರಿಗೊಂದು ಪ್ರತಿ ಕೊಡಿ. ರಾತ್ರಿ ಎರಡು ಗಂಟೆಗೆ ಎದ್ದು ಕೂತು ಕೆಲಸ ಬಿಡುವ ತೀರ್ಮಾನ ಮಾಡಬೇಡಿ.

ಧೈರ್ಯವಾಗಿರಿ ಅಂತ ನಾನು ಹೇಳಲಿಲ್ಲ. ಮೊದಲಿನ ಇಬ್ಬರಿಗೆ ಹೇಳಿದ್ದೆ. ಒಬ್ಬರು ಆ ಮೇಲೆ ಬರಲೇ ಇಲ್ಲ. ಹೆದರಿದವರಿಗೆ ಧೈರ್ಯ ಹೇಳಿದರೆ, ಹೆದರಿದ್ದಕ್ಕೆ ನಾಚಿಕೆಯೂ ಸೇರಿಕೊಳ್ಳುತ್ತೆ.

ಮುಂದಿನ ವಾರ ಹೆಂಡತಿಯನ್ನೂ ಕರೆದುಕೊಂಡು ಬಂದರು. ಆಕೆ ಕೂತವರೇ ಅಂದರು: "ಫೋನ್ ಬಂದಾಗೆಲ್ಲ ಎದ್ದು ಹೋಗ್ತಿದ್ರಲ್ಲ ಮೇಡಂ, ಬೇರೆ ಯಾರೋ ಇದಾರೆ ಅಂದ್ಕೊಂಡಿದ್ದೆ. ಮೂರು ವಾರ ನಾನೂ ನಿದ್ದೆ ಮಾಡಿಲ್ಲ." ಅವರು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಇಬ್ಬರಿಗೂ ನಗು ಬಂತು, ನನಗೂ.

ಈಗ ಅವರ ಹಾಳೆಯಲ್ಲಿ ನಾನು ಬರೆಯುವುದು ತಾರೀಖು ಮತ್ತು ಎಷ್ಟು ಗಂಟೆ ಮಲಗಿದರು ಅನ್ನೋದು. ಕಳೆದ ಸಲ ಐದೂವರೆ ಗಂಟೆ. ಎರಡನೇ ವರದಿ ಬರೆಯುತ್ತಿದ್ದಾರಾ ಅಂತ ನಾನು ಕೇಳಿಲ್ಲ. ಫೋನ್ ಇನ್ನೂ ಬಚ್ಚಲುಮನೆಯಲ್ಲೇ ಮಲಗುತ್ತದಂತೆ.