ಓದುಗರ ಪ್ರಶ್ನೆ: ಹೊಲದ ಇಂಗಾಲ, ಮರದ ಇಂಗಾಲ

ಪ್ರಶ್ನೆ: ದೇವನಹಳ್ಳಿ ಹತ್ತಿರ ನಮಗೆ ಎರಡು ಎಕರೆ ರಾಗಿ ಹೊಲವಿದೆ. ಉಳುಮೆ ಕಡಿಮೆ ಮಾಡಿದರೆ ಕಾರ್ಬನ್ ಕ್ರೆಡಿಟ್ ಕೊಡಿಸುತ್ತೇವೆ ಎಂದು ಒಂದು ಕಂಪನಿಯವರು ಬಂದಿದ್ದಾರೆ. ಮಣ್ಣಿನ ಆರೋಗ್ಯ ಕಾರ್ಡಿನ ಸಾವಯವ ಇಂಗಾಲದ ಅಂಕಿಯೇ ಸಾಕಂತೆ. ಹೌದೇ?

ಉತ್ತರ: ಸಾಲದು. ಕಾರ್ಡಿನಲ್ಲಿರುವುದು ಗೊಬ್ಬರದ ಶಿಫಾರಸಿಗೆಂದು ಅಳೆದ ಶೇಕಡಾವಾರು. ಕ್ರೆಡಿಟ್ ಸಿಗುವುದು ಟನ್ ಲೆಕ್ಕದಲ್ಲಿ, ಗಾಳಿಗೆ ಸೇರದಂತೆ ಹಿಡಿದಿಟ್ಟ ಒಂದು ಟನ್ ಇಂಗಾಲದ ಡೈಆಕ್ಸೈಡಿಗೆ ಒಂದು ಕ್ರೆಡಿಟ್. ಶೇಕಡಾವನ್ನು ಟನ್ನಿಗೆ ತರಲು ಆಳ, ಸಾಂದ್ರತೆ ಎರಡೂ ಬೇಕು. ಒಂದು ಎಕರೆಯಲ್ಲಿ 30 ಸೆಂ.ಮೀ. ಆಳದವರೆಗೆ, ಸಾಂದ್ರತೆ ಘನ ಸೆಂ.ಮೀ.ಗೆ 1.3 ಗ್ರಾಂ ಇದ್ದರೆ, ಸುಮಾರು 1,580 ಟನ್ ಮಣ್ಣಿರುತ್ತದೆ. ಇಂಗಾಲ ಮಣ್ಣಿನ ತೂಕದ ಶೇ. 0.1ರಷ್ಟು ಏರಿದರೆ 1.58 ಟನ್, ಅದನ್ನು ಡೈಆಕ್ಸೈಡಿನ ಲೆಕ್ಕಕ್ಕೆ ತರಲು 3.67ರಿಂದ ಗುಣಿಸಿದರೆ 5.8 ಕ್ರೆಡಿಟ್. ಪ್ರಯೋಗಾಲಯದ ಅಳತೆ ಇಷ್ಟೇ ಅತ್ತಿತ್ತ ಆದರೂ ಆ 5.8 ಪೂರ್ತಿ ಹುಸಿ!

ಸಾಂದ್ರತೆಗೆ ಗಾತ್ರ ಗೊತ್ತಿರುವ ಉಕ್ಕಿನ ಬಳೆಯನ್ನು ಮಣ್ಣಿಗೆ ಬಡಿದು, ಅಲುಗದಂತೆ ತೆಗೆದು, 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ತೂಗಬೇಕು. ನಿಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಗರಸು ಹೆಚ್ಚು. 2 ಮಿ.ಮೀ. ಜರಡಿಯಲ್ಲಿ ಉಳಿದ ಕಲ್ಲಿನ ಪಾಲು ಕಳೆಯದಿದ್ದರೆ ಕಲ್ಲಿಗೂ ಇಂಗಾಲ ಅಂಟಿಸಿದಂತೆ.

ಇನ್ನೆರಡು ಕಡೆ ಲೆಕ್ಕ ತಪ್ಪುತ್ತದೆ. ಉಳುಮೆ ನಿಂತರೆ ಮಣ್ಣು ಕುಳಿತುಕೊಂಡು ಅದೇ 30 ಸೆಂ.ಮೀ.ಯಲ್ಲಿ ಹೆಚ್ಚು ಮಣ್ಣು ಸೇರಬಹುದು. ಆದ್ದರಿಂದ ಸಮ ಆಳ ಹಿಡಿದರೆ ಆಗದು, ಸಮ ತೂಕದ ಮಣ್ಣನ್ನೇ ಹೋಲಿಸಬೇಕು. ಎರಡನೆಯದು ವಿಧಾನ. ಮಣ್ಣಿನ ಇಂಗಾಲವನ್ನು ರಾಸಾಯನಿಕದಿಂದ ಅಳೆಯುವ ವಾಕ್ಲೀ–ಬ್ಲ್ಯಾಕ್ ಪರೀಕ್ಷೆ ಸರಾಸರಿ ಮುಕ್ಕಾಲು ಪಾಲು ಇಂಗಾಲವನ್ನಷ್ಟೇ ಹಿಡಿಯುತ್ತದೆ. ಉಳಿದದ್ದಕ್ಕೆ ಸುಮಾರು 1.3ರ ಗುಣಕ. ಮೊದಲ ವರ್ಷ ಗುಣಕವಿಲ್ಲದ ಅಂಕಿ, ಐದನೇ ವರ್ಷ ಮಣ್ಣನ್ನು ಸುಟ್ಟು ಅಳೆಯುವ ಯಂತ್ರದ ಅಂಕಿ ಇಟ್ಟರೆ, ಹೊಲದಲ್ಲಿ ಏನೂ ಆಗದೆ ಕಾಗದದ ಮೇಲೆ ಇಂಗಾಲ ಬೆಳೆದಿರುತ್ತದೆ. ಸಹಿ ಹಾಕುವ ಮೊದಲು ಕೇಳಿ: ಮಾದರಿ ನಮ್ಮ ಹೊಲದಿಂದಲೇ ತೆಗೆಯುತ್ತೀರಾ, ಎಷ್ಟು ಆಳ, ಎರಡೂ ಸಲ ಅದೇ ವಿಧಾನವೇ?

ಪ್ರಶ್ನೆ: ಬದುವಿನಲ್ಲಿ ಹತ್ತು ವರ್ಷದ ಸಿಲ್ವರ್ ಓಕ್ ಸಾಲಿದೆ. ಅದಕ್ಕೆ ಕ್ರೆಡಿಟ್ ಬರುತ್ತದೆಯೇ? (ಓದುಗರು, ಯಲಹಂಕ)

ಉತ್ತರ: ಇಲ್ಲವೆಂದೇ ತಿಳಿಯಿರಿ. ಕ್ರೆಡಿಟ್ಟಿನ ಹಣವಿಲ್ಲದೆಯೂ ಆಗಿಹೋದ ಕೆಲಸಕ್ಕೆ ಕ್ರೆಡಿಟ್ ಕೊಡುವುದು ಪದ್ಧತಿಯಲ್ಲ. ಹೊಸದಾಗಿ ನೆಟ್ಟರೆ ನೆಲದಿಂದ 1.3 ಮೀಟರ್ ಎತ್ತರದಲ್ಲಿ ಸುತ್ತಳತೆ ತೆಗೆಯಬೇಕು, ಇಳಿಜಾರಾದರೆ ಮೇಲ್ಬದಿಯಿಂದ. ಸುತ್ತಳತೆಯಿಂದ ತೂಕ ಅಂದಾಜಿಸುವ ಆ ಜಾತಿಯ ಸಮೀಕರಣದಿಂದ ಮರದ ಒಣತೂಕ, ಅದರ 0.47 ಪಾಲು ಇಂಗಾಲ. ಮುಂದೆ ಬೆಂಕಿ, ಕಡಿತಲೆಯಿಂದ ಮರ ಹೋದರೆ ಸರಿದೂಗಿಸಲೆಂದು ಒಂದಿಷ್ಟು ಕ್ರೆಡಿಟ್ ಮೀಸಲು ನಿಧಿಗೆ ಹೋಗುತ್ತದೆ.

ಪ್ರಶ್ನೆ: ಬೆಂಗಳೂರಿನ ನೆಲದಡಿಯಲ್ಲೇ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಹೂಳಬಹುದಲ್ಲ? (ಓದುಗರು, ರಾಜಾಜಿನಗರ)

ಉತ್ತರ: ನಮ್ಮ ಕಾಲಡಿಯ ಗಟ್ಟಿ ನೈಸ್ ಬಂಡೆಯಲ್ಲಿ ಅನಿಲ ಸೇರಲು ರಂಧ್ರಗಳೇ ಸಾಲವು. ಸುಮಾರು 800 ಮೀಟರಿಗಿಂತ ಆಳದಲ್ಲಿ ಮರಳುಗಲ್ಲಿನಂಥ ರಂಧ್ರಭರಿತ ಬಂಡೆ, ಮೇಲೆ ಸೋರದ ಮುಚ್ಚಳದ ಪದರ ಬೇಕು. ನಾರ್ವೆಯ ಸ್ಲೈಪ್ನರ್ ಅನಿಲ ಕ್ಷೇತ್ರದಲ್ಲಿ 1996ರಿಂದ ಸಮುದ್ರತಳದಡಿ ಹೀಗೆ ತುಂಬಿದ್ದಾರೆ. ಒಳಹೋದದ್ದಕ್ಕೆ ಪೈಪಿನ ಮೀಟರ್ ಸಾಕ್ಷಿ. ಅಲ್ಲೇ ಉಳಿದಿದೆಯೇ ಎಂಬುದಕ್ಕೆ ನೆಲದೊಳಗೆ ಕಂಪನ ಕಳಿಸಿ ಅದರ ಪ್ರತಿಧ್ವನಿಯಿಂದ ಒಳಗಿನ ಚಿತ್ರ ಪಡೆಯುವ ಸಮೀಕ್ಷೆ ಮತ್ತೆ ಮತ್ತೆ. ಅನಿಲವನ್ನು ಹಿಡಿದು ಒಳಗೆ ಒತ್ತಲು ಸುಟ್ಟ ಇಂಧನದ ಹೊಗೆಯನ್ನು ಮಾತ್ರ ಲೆಕ್ಕದಿಂದ ಮರೆಯದೆ ಕಳೆಯಬೇಕು.