ತೆಂಗಿನ ಮರಕ್ಕಿಂತ ಕೊಳೆರೋಗಕ್ಕೇ ಹತ್ತಿರದ ನೆಂಟ

ಪ್ರಶ್ನೆ: ಬೇಸಿಗೆ ಶುರುವಾಗುವ ಹೊತ್ತಿಗೆ ನಮ್ಮ ದಂಡೆಗೆ ಕಂದು ಬಣ್ಣದ ಗಿಡ ರಾಶಿ ಬಂದು ಬೀಳುತ್ತದೆ. ಮೈತುಂಬಾ ಸಣ್ಣ ಗುಳ್ಳೆ. ಅದರೊಳಗೆ ಬೀಜ ಇರುತ್ತದೆಯೇ?
– ಓದುಗರು, ಗೋಕರ್ಣ

ಬೀಜ ಇಲ್ಲ, ಬರೀ ಗಾಳಿ. ನೀವು ಹೇಳಿದ ಗುರುತು ನೋಡಿದರೆ ಅದು ಸಾರ್ಗಾಸಮ್ ಎಂಬ ಕಂದು ಕಡಲಕಳೆ. ಕಾರವಾರದಿಂದ ಭಟ್ಕಳದವರೆಗೆ ಕಡಲ ಬಂಡೆಗಳ ಮೇಲೆ ಬೆಳೆಯುತ್ತದೆ. ಬುಡ ಬಂಡೆಗೆ ಅಂಟಿಕೊಂಡಿರುತ್ತದೆ, ರೆಂಬೆ ಮಾತ್ರ ಬಿಸಿಲಿಗೆ ಎದ್ದು ನಿಲ್ಲಬೇಕು, ಆ ಕೆಲಸಕ್ಕೆ ಈ ಗಾಳಿಗುಳ್ಳೆ. ಬಲಿತ ರೆಂಬೆ ಅಲೆಗೆ ಕಿತ್ತುಬಂದರೂ ಬುಡ ಉಳಿದರೆ ಮತ್ತೆ ಚಿಗುರುತ್ತದೆ. ಆ ಬುಡ ಬೇರು ಅಲ್ಲ, ಹಿಡಿದುಕೊಳ್ಳುವುದಷ್ಟೇ ಅದರ ಕೆಲಸ. ನೀರಿನಲ್ಲಿರುವ ಪೋಷಕಾಂಶವನ್ನು ಇಡೀ ಮೈ ಹೀರುತ್ತದೆ.

ಅಂದಹಾಗೆ, ‘ಗಿಡ’ ಅಂದಿರಲ್ಲ, ಅದಕ್ಕೆ ನನ್ನದೊಂದು ತಕರಾರಿದೆ. ಮುಂದಿನ ಪ್ರಶ್ನೆಯೂ ಅದೇ.

ಪ್ರಶ್ನೆ: ಕಡಲಕಳೆಗೂ ಅಡಿಕೆಯ ಕೊಳೆರೋಗಕ್ಕೂ ಸಂಬಂಧ ಇದೆ ಅಂತ ಬಿ.ಎಸ್‌ಸಿ. ಓದುವ ಮಗಳು ಹೇಳುತ್ತಾಳೆ. ಸುಮ್ನೆ ತಮಾಷೆ ಮಾಡ್ತಿದ್ದಾಳಾ?
– ಅಡಿಕೆ ಬೆಳೆಗಾರರು, ಶಿರಸಿ

ಮಗಳು ಹೇಳಿದ್ದು ನಿಜ. ಆದರೆ ಎಲ್ಲ ಕಡಲಕಳೆಗೂ ಅಲ್ಲ, ಕಂದು ಬಣ್ಣದವಕ್ಕೆ ಮಾತ್ರ.

ಹಸಿರು ಕಡಲಕಳೆಗಳು ತೆಂಗು, ಅಡಿಕೆ, ಗರಿಕೆಯ ಬಳಗದವು. ಕಂದು ಕಳೆಗಳ ವಂಶವೇ ಬೇರೆ, ಆ ವಂಶಕ್ಕೆ ಸ್ಟ್ರಾಮೆನೊಪೈಲ್ ಅಂತ ಹೆಸರು. ಅದರಲ್ಲಿ ಡಯಾಟಮ್ ಎಂಬ ಕಣ್ಣಿಗೆ ಕಾಣದ ಪಾಚಿಗಳಿವೆ, ಮೀಟರುಗಟ್ಟಲೆ ಉದ್ದ ಬೆಳೆಯುವ ಕೆಲ್ಪ್ ಎಂಬ ಕಂದು ಕಳೆ ಇದೆ, ಮತ್ತೆ ಕೊಳೆರೋಗ ತರುವ ಫೈಟಾಫ್ತೊರಾ ಕೂಡ ಇದೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ಬಡಿದು ಬರ ತಂದದ್ದು ಈ ಫೈಟಾಫ್ತೊರಾದ್ದೇ ಇನ್ನೊಂದು ಜಾತಿ. ನಾವು ರೂಢಿಯಲ್ಲಿ ಅದನ್ನು ಶಿಲೀಂಧ್ರ ಅನ್ನುತ್ತೇವೆ, 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ ಬರೆದಾಗಲೂ ಹಾಗೇ ತಿಳಿದಿದ್ದರು, ಆದರೆ ಅದು ಅಣಬೆಯ ಬಳಗದ್ದೇ ಅಲ್ಲ.

ನೆಂಟಸ್ತಿಕೆ ಗೊತ್ತಾಗುವುದು ಬಾಲದಿಂದ. ಮಳೆಗಾಲದಲ್ಲಿ ಅಡಿಕೆಗೊನೆಯ ಮೇಲೆ ನಿಂತ ನೀರಿನಲ್ಲಿ ಫೈಟಾಫ್ತೊರಾದ ಬೀಜಕಣಗಳು ಈಜಾಡುತ್ತವೆ. ಒಂದೊಂದಕ್ಕೂ ಎರಡು ಬಾಲ, ಒಂದು ನುಣುಪು, ಇನ್ನೊಂದರ ಮೇಲೆ ಸಾಲಾಗಿ ರೋಮ. ಕೆಲ್ಪ್‌ನ ಬೀಜಕಣವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಅದೇ ಜೋಡಿ! ಡಿಎನ್ಎ ಕೂಡ ಅದನ್ನೇ ಹೇಳುತ್ತದೆ. ಕಂದು ಕಳೆಗೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ವಿದ್ಯೆ ಬಂದದ್ದೂ ಬೇರೆ ದಾರಿಯಲ್ಲಿ. ಅದರ ಪೂರ್ವಜ ಯಾವುದೋ ಕಾಲದಲ್ಲಿ ಒಂದು ಕೆಂಪು ಪಾಚಿಯ ಸಂತತಿಯನ್ನು ಒಳಗೆ ಸೇರಿಸಿಕೊಂಡಿತು, ಹಾಗಾಗಿಯೇ ಇದರ ಹರಿತ್ತಿನ ಕಣಕ್ಕೆ ನಾಲ್ಕು ಪೊರೆ, ತೆಂಗಿನ ಗರಿಯಲ್ಲಿರುವುದಕ್ಕೆ ಎರಡೇ. ಕಂದು ಬಣ್ಣ ಫ್ಯೂಕೊಝಾಂತಿನ್ ಎಂಬ ವರ್ಣದ್ರವ್ಯದ್ದು. ಅದು ಹರಿತ್ತನ್ನು ಮರೆಮಾಡುತ್ತದೆ ಅಷ್ಟೇ.

2010ರಲ್ಲಿ ಎಕ್ಟೊಕಾರ್ಪಸ್ ಎಂಬ ದಾರದಂಥ ಸಣ್ಣ ಕಂದು ಕಳೆಯ ಪೂರ್ತಿ ಜೀನೋಮ್ ಹೊರಬಂತು. ಕಂದು ಕಳೆಗಳಲ್ಲಿ ಅದೇ ಮೊದಲು. ಸುಮಾರು 16,000 ಜೀನುಗಳು ಸಿಕ್ಕವು. ನನಗೆ ಅದರಲ್ಲಿ ಜಾಸ್ತಿ ಕುತೂಹಲ ಅನ್ನಿಸುವುದು ಗಂಡು-ಹೆಣ್ಣಿನ ಲೆಕ್ಕ. ನಮ್ಮಲ್ಲಿ ಎಕ್ಸ್, ವೈ ಇದ್ದ ಹಾಗೆ ಅದರಲ್ಲಿ ಯು, ವಿ ಎಂಬ ಕ್ರೋಮೋಸೋಮುಗಳಿವೆ. ಎರಡೂ ಒಟ್ಟಿಗಿರುವ ಹಂತದಲ್ಲಿ ಅದು ಗಂಡೂ ಅಲ್ಲ, ಹೆಣ್ಣೂ ಅಲ್ಲ. ಅದು ಬೀಜಕಣ ಬಿಡುವಾಗ ಎರಡೂ ಬೇರೆಯಾಗುತ್ತವೆ, ಯು ಸಿಕ್ಕಿದ್ದು ಹೆಣ್ಣು ಕಳೆಯಾಗಿ ಬೆಳೆಯುತ್ತದೆ, ವಿ ಸಿಕ್ಕಿದ್ದು ಗಂಡು.

ಇನ್ನು ನಿಮ್ಮ ತೋಟದ ಮಾತು. ಈ ನೆಂಟಸ್ತಿಕೆಯಿಂದ ಬೋರ್ಡೋ ದ್ರಾವಣ ಹೊಡೆಯುವ ಕೆಲಸವೇನೂ ತಪ್ಪುವುದಿಲ್ಲ.

ಪ್ರಶ್ನೆ: ಹಳೇ ಪುಸ್ತಕದಲ್ಲಿ ಲ್ಯಾಮಿನೇರಿಯಾ ಜಪೋನಿಕಾ, ಹೊಸದರಲ್ಲಿ ಸ್ಯಾಕರೈನಾ ಜಪೋನಿಕಾ. ಯಾಕೆ ಹೀಗೆ ಹೆಸರು ಬದಲಿಸುತ್ತಾರೆ?
– ವಿದ್ಯಾರ್ಥಿ, ಮಂಗಳೂರು

ನಿಮ್ಮ ಸಿಟ್ಟು ಅರ್ಥವಾಗುತ್ತದೆ! ಜಪಾನಿನವರು ಕೊಂಬು ಅಂತ ಸಾರಿಗೆ ಹಾಕುವ ಕಳೆ ಅದು. 2006ರಲ್ಲಿ ಡಿಎನ್ಎ ಹೋಲಿಸಿದಾಗ ಲ್ಯಾಮಿನೇರಿಯಾ ಅಂದುಕೊಂಡದ್ದರಲ್ಲಿ ಎರಡು ಬೇರೆ ಬೇರೆ ಕವಲು ಸೇರಿಕೊಂಡಿದ್ದವು ಅಂತ ತಿಳಿಯಿತು, ಒಂದನ್ನು ಬೇರ್ಪಡಿಸಿದರು. ಆಕಾರ ನೋಡಿ ವಿಂಗಡಿಸಿದರೆ ಇದಕ್ಕಿಂತ ದೊಡ್ಡ ಎಡವಟ್ಟೂ ಆಗುತ್ತದೆ. ಯುರೋಪಿನ ಕಡಲಿನ ಕಟ್ಲೇರಿಯಾ ಎಂಬ ಕಂದು ಕಳೆ ನೋಡಿ: ಅದು ಒಂದು ಹಂತದಲ್ಲಿ ರಿಬ್ಬನ್ನಿನಂತೆ ಕವಲೊಡೆಯುತ್ತದೆ, ಮುಂದಿನ ಹಂತದಲ್ಲಿ ಬಂಡೆಗೆ ಮೆತ್ತಿಕೊಂಡ ತೆಳು ಪದರವಾಗುತ್ತದೆ. ಆ ಪದರಕ್ಕೆ ಅಗ್ಲಾಝೋನಿಯಾ ಅಂತ ಬೇರೆ ಕುಲವನ್ನೇ ಕಟ್ಟಿದ್ದರು. ತಾಯಿಗೊಂದು ಕುಲ, ಮಗುವಿಗೊಂದು. ಪರೀಕ್ಷೆಯಲ್ಲಿ ಹೊಸ ಹೆಸರು ಬರೆದು, ಪಕ್ಕದಲ್ಲಿ ಹಳೆಯದನ್ನೂ ಹಾಕಿ.

ಪ್ರಶ್ನೆ: ದಂಡೆಗೆ ಬಿದ್ದ ಕಂದು ಕಳೆ ತಿನ್ನಬಹುದೇ?
– ಓದುಗರು, ಉಡುಪಿ

ಬೇಡ. ಸಾರ್ಗಾಸಮ್ ಜಾತಿಯವು ನೀರಿನಿಂದ ಆರ್ಸೆನಿಕ್ ಹೀರಿ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ಇದೇ ಕುಲದ ಹಿಜಿಕಿಯನ್ನು ಜಪಾನಿನಲ್ಲಿ ತಿನ್ನುತ್ತಾರೆ, ಆದರೆ ಅದನ್ನು ತಿನ್ನಬೇಡಿ ಅಂತ ಬ್ರಿಟನ್ನಿನ ಆಹಾರ ಇಲಾಖೆ ತನ್ನ ಜನರಿಗೆ ಹೇಳಿದೆ. ಅಲ್ಲದೆ ದಂಡೆಯಲ್ಲಿ ಎಷ್ಟು ದಿನದಿಂದ ಕೊಳೆಯುತ್ತಿದೆಯೋ ಯಾರಿಗೆ ಗೊತ್ತು, ಅಲ್ವಾ?