29ನೇ ವಯಸ್ಸಲ್ಲಿ ಸಾಫ್ಟ್‌ವೇರ್ ಬಿಟ್ಟು ಬಿವಿಎಸ್ಸಿ ಸೇರಬಹುದಾ? ಊರು ಚಳ್ಳಕೆರೆ ತಾಲ್ಲೂಕು

ನಿಮ್ಮ ಪ್ರಶ್ನೆಯ ಸಾರ ಇಷ್ಟು: ವಯಸ್ಸು 29, ಚಳ್ಳಕೆರೆ ಹತ್ತಿರದ ಹಳ್ಳಿ, ಮನೇಲಿ ಕುರಿ ಹಿಂಡು. 2014ರಲ್ಲಿ ಪಿಸಿಎಂಬಿ ತಗೊಂಡು ಪಿಯುಸಿ, ಆಮೇಲೆ ದಾವಣಗೆರೆಯಲ್ಲಿ ಬಿಇ, ಈಗ ಬೆಂಗಳೂರಲ್ಲಿ ಕೆಲಸ. ಪಶುವೈದ್ಯ ಆಗಬೇಕು, ವಯಸ್ಸು ಮೀರಿತಾ, ಎಲ್ಲಿಂದ ಶುರು ಮಾಡಲಿ ಅಂತ.

ವಯಸ್ಸಿನ ಚಿಂತೆ ಸದ್ಯಕ್ಕೆ ಬಿಡಿ. ಬೀರುವಿನಿಂದ ಪಿಯುಸಿ ಅಂಕಪಟ್ಟಿ ಹೊರಗೆ ತೆಗೀರಿ. ನಿಮ್ಮ ದಾರಿ ಎಷ್ಟು ಕಡಿದು ಅನ್ನೋದು ಅದರಲ್ಲೇ ಬರೆದಿದೆ.

ಕರ್ನಾಟಕದಲ್ಲಿ ಬಿವಿಎಸ್ಸಿ ಅಂಡ್ ಎಎಚ್, ಅಂದರೆ ಪಶುವೈದ್ಯಕೀಯ ಪದವಿಯ ಸೀಟು ಕೊಡೋದು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ), ಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಮೂಲಕ. ಪಶುವೈದ್ಯಕೀಯ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದ ಅಂಕ ಅರ್ಧ, ಅದೇ ಮೂರು ವಿಷಯಗಳ ಸಿಇಟಿ ಅಂಕ ಇನ್ನರ್ಧ. ಪಿಯುಸಿ 300ಕ್ಕೆ, ಸಿಇಟಿ 180ಕ್ಕೆ. ಕೆಲಸ ಬಿಟ್ಟು ಬರೋರು ಎಡವೋದು ಇಲ್ಲೇ: ಬಿಇಯಲ್ಲಿ ಡಿಸ್ಟಿಂಕ್ಷನ್ ಇದೆ, ಏಳು ವರ್ಷದ ಅನುಭವ ಇದೆ ಅಂದುಕೊಳ್ಳುತ್ತಾರೆ. ಅವೆರಡಕ್ಕೂ ಇಲ್ಲಿ ಸೊನ್ನೆ ಬೆಲೆ. ಹದಿನೆಂಟನೇ ವಯಸ್ಸಲ್ಲಿ ಬರೆದ ಪರೀಕ್ಷೆಗೆ ಮಾತ್ರ ಇನ್ನೂ ಬೆಲೆ ಇದೆ.

ಲೆಕ್ಕ ಹಾಕಿ ನೋಡಿ. ಪಿಯುಸಿಯ ಒಂದು ಅಂಕ ಅಂತಿಮ ಶೇಕಡಾವಾರಿನಲ್ಲಿ 0.167 ಆಗುತ್ತೆ, ಸಿಇಟಿಯ ಒಂದು ಪ್ರಶ್ನೆ 0.278 ಆಗುತ್ತೆ. ಅಂದರೆ ಪಿಯುಸಿಯಲ್ಲಿ ಬಿದ್ದ ಐದು ಅಂಕವನ್ನು ಸಿಇಟಿಯ ಮೂರು ಪ್ರಶ್ನೆ ತುಂಬುತ್ತವೆ. ನಿಮ್ಮ ಪಿಸಿಬಿ ಅಂಕ 300ಕ್ಕೆ 216 ಅಂತಿಟ್ಟುಕೊಳ್ಳಿ, ಶೇ 72. ಪಕ್ಕದಲ್ಲಿ ಈ ವರ್ಷ ಪಿಯುಸಿ ಮುಗಿಸಿದ ಹುಡುಗಿ 285 ತೆಗೆದಿದ್ದಾಳೆ, ಶೇ 95. ಅವಳು ಸಿಇಟಿಯಲ್ಲಿ 117 ತೆಗೆದರೆ ಒಟ್ಟು ಶೇ 80 ಆಯ್ತು. ಅವಳನ್ನು ಮುಟ್ಟೋಕೆ ನಿಮಗೆ 159 ಬೇಕು. ನಲವತ್ತೆರಡು ಪ್ರಶ್ನೆ ಹೆಚ್ಚಿಗೆ. ಆಗದ ಮಾತೇನಲ್ಲ, ಆದರೆ ಆಫೀಸಿಂದ ಬಂದು ರಾತ್ರಿ ಒಂದು ಗಂಟೆ ಪುಸ್ತಕ ತಿರುವಿದರೆ ಆಗಲ್ಲ. ನಿಮ್ಮ ಅಂಕ 260ರ ಮೇಲಿದ್ದರೆ ನಾನು ಧೈರ್ಯವಾಗಿ ಮುಂದೆ ಹೋಗಿ ಅಂತೀನಿ. 200ರ ಕೆಳಗಿದ್ದರೆ ಒಂದು ತಿಂಗಳು ಹಳೆಯ ಪ್ರಶ್ನೆಪತ್ರಿಕೆ ಬರೆದು ನೋಡಿ, 150ರ ಹತ್ತಿರ ಬರ್ತಿದೆಯಾ ಅಂತ ಪರೀಕ್ಷಿಸಿ, ಆಮೇಲೆ ನಿರ್ಧಾರ ಮಾಡಿ. ಅರ್ಹತೆಗೆ ಸಾಮಾನ್ಯ ವರ್ಗಕ್ಕೆ ಶೇ 50 ಸಾಕು, ಮೀಸಲಾತಿ ಇದ್ದವರಿಗೆ ಸಡಿಲಿಕೆ ಇದೆ. ಅರ್ಹತೆ ಬೇರೆ, ಸೀಟು ಬೇರೆ.

ಇನ್ನೊಂದು ಬಾಗಿಲು ನೀಟ್. ಸೀಟುಗಳಲ್ಲಿ ಶೇ 15 ಅಖಿಲ ಭಾರತ ಕೋಟಾ, ಅದನ್ನು ನೀಟ್ ಅಂಕದ ಮೇಲೆ ವಿಸಿಐ ಅಂದರೆ ಭಾರತೀಯ ಪಶುವೈದ್ಯಕೀಯ ಪರಿಷತ್ತು ತುಂಬುತ್ತೆ. ಅಲ್ಲಿ ರ‍್ಯಾಂಕಿಗೆ ನಿಮ್ಮ ಪಿಯುಸಿ ಅಂಕ ಸೇರಲ್ಲ, ನೀಟ್ ಒಂದೇ. ಹಳೆಯ ಅಂಕಪಟ್ಟಿ ಸಪ್ಪೆ ಇದ್ದವರಿಗೆ ಇದು ನ್ಯಾಯವಾದ ದಾರಿ, ಆದರೆ ಸೀಟು ಕಡಿಮೆ, ಮತ್ತು ಎಲ್ಲೋ ಮಥುರಾ ಕಡೆಗೋ ಅಸ್ಸಾಂ ಕಡೆಗೋ ಹೋಗೋಕೆ ತಯಾರಿರಬೇಕು. ನೀಟ್‌ನಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಕಳೀತಾರೆ, ಸಿಇಟಿಯಲ್ಲಿ ಕಳೆಯಲ್ಲ. ಹಾಗಾಗಿ ಸಿಇಟಿಯಲ್ಲಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಎರಡೂ ಬರೆಯಿರಿ, ಓದು ಹೆಚ್ಚುಕಮ್ಮಿ ಒಂದೇ.

ಇದೇ ಪ್ರಶ್ನೆ ಇಟ್ಟುಕೊಂಡು ಓದ್ತಿರೋ ಪಿಸಿಎಂಸಿಯವರಿಗೆ (ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್ ತಗೊಂಡವರಿಗೆ) ಒಂದು ಮಾತು. ಪಿಯುಸಿಯಲ್ಲಿ ಜೀವಶಾಸ್ತ್ರ ಇಲ್ಲದಿದ್ದರೆ ಸಿಇಟಿಯಲ್ಲಿ ಜೀವಶಾಸ್ತ್ರ ಬರೆದರೂ ಪಶುವೈದ್ಯಕೀಯ ರ‍್ಯಾಂಕ್ ಬರಲ್ಲ. ಎನ್‌ಐಒಎಸ್‌ನಲ್ಲಿ (ರಾಷ್ಟ್ರೀಯ ಮುಕ್ತ ಶಾಲೆ) ಜೀವಶಾಸ್ತ್ರ ಒಂದನ್ನೇ ತಗೊಂಡು ಬರೆಯೋ ವ್ಯವಸ್ಥೆ ಇದೆ, ವರ್ಷಕ್ಕೆ ಎರಡು ಸಲ ಪರೀಕ್ಷೆ, ಪ್ರಾಯೋಗಿಕವೂ ಇರುತ್ತೆ. 2023ರಲ್ಲಿ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಹೀಗೆ ಆಮೇಲೆ ಸೇರಿಸಿದ ಜೀವಶಾಸ್ತ್ರವನ್ನು ಒಪ್ಪಿಕೊಂಡಿತು ಅಂತ ಕೋಚಿಂಗ್‌ನೋರು ಸಾರ್ತಾ ಇರ್ತಾರೆ. ಅದು ಎಂಬಿಬಿಎಸ್‌ಗೆ. ಪಶುವೈದ್ಯಕ್ಕೆ ನಿಯಮ ಮಾಡೋದು ವಿಸಿಐ. ಆದ್ದರಿಂದ ದುಡ್ಡು ಕಟ್ಟೋಕೆ ಮುಂಚೆ ಕೆಇಎ ಮತ್ತು ವಿಸಿಐ ಎರಡಕ್ಕೂ ಇಮೇಲ್ ಬರೆದು, ನಿಮ್ಮ ವಿವರ ಕೊಟ್ಟು, ಲಿಖಿತ ಉತ್ತರ ತರಿಸಿಕೊಳ್ಳಿ. ಫೋನಲ್ಲಿ 'ಆಗುತ್ತೆ ಸಾರ್' ಅಂದಿದ್ದು ಪರಿಶೀಲನೆ ದಿನ ಕೆಲಸಕ್ಕೆ ಬರಲ್ಲ.

ಓದಿನ ವಿಷಯ. 2014ರ ಪಿಯುಸಿ ಅಂದರೆ ನೀವು ಓದಿದ್ದೂ ಎನ್‌ಸಿಇಆರ್‌ಟಿ ಪುಸ್ತಕವೇ, ಆದರೆ ಆ ಹಳೆ ಪುಸ್ತಕ ತೆಗೆದು ಕೂರಬೇಡಿ. ಆಮೇಲೆ ಎಷ್ಟೋ ಪಾಠ ಕೈಬಿಟ್ಟಿದ್ದಾರೆ: ರಸಾಯನಶಾಸ್ತ್ರದಲ್ಲಿ ಘನಸ್ಥಿತಿ, ಪಾಲಿಮರ್, ಜೀವಶಾಸ್ತ್ರದಲ್ಲಿ ಜೀರ್ಣಕ್ರಿಯೆ, ಆಹಾರೋತ್ಪಾದನೆ ಹೆಚ್ಚಿಸುವ ತಂತ್ರಗಳು. ಪಶುಸಂಗೋಪನೆ ಅನ್ನೋ ಪದ ಬರ್ತಿದ್ದ ಪಾಠವೇ ಹೋಯ್ತು, ನಗಬೇಕೋ ಅಳಬೇಕೋ! 2024ರ ಸಿಇಟಿಯಲ್ಲಿ ಪಠ್ಯದಾಚೆಯ ಪ್ರಶ್ನೆ ಬಂದು ದೊಡ್ಡ ಗಲಾಟೆಯಾಗಿ, ಕೊನೆಗೆ ಅವನ್ನು ಮೌಲ್ಯಮಾಪನದಿಂದ ಹೊರಗಿಟ್ಟರು. ಹೊಸ ಪುಸ್ತಕ ತಗೊಳ್ಳಿ, ಅದರಲ್ಲಿ ಇರೋದನ್ನಷ್ಟೇ ಓದಿ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಇಂಜಿನಿಯರಿಗೆ ಭೌತಶಾಸ್ತ್ರ ಬೇಗ ಹಿಡಿತಕ್ಕೆ ಬರುತ್ತೆ, ಜೀವಶಾಸ್ತ್ರ ಕೂತು ಓದಿದರೆ ಬರುತ್ತೆ. ಹತ್ತು ವರ್ಷದಲ್ಲಿ ಪೂರ್ತಿ ಆವಿಯಾಗಿರೋದು ರಸಾಯನಶಾಸ್ತ್ರ. ಸಮಯದ ಅರ್ಧ ಅದಕ್ಕೇ ಇಡಿ.

ಈಗ ಕಾಗದಪತ್ರ. ಹೊಸದಾಗಿ ಪಿಯುಸಿ ಮುಗಿಸಿದ ಮಕ್ಕಳಿಗೆ ಇದನ್ನೆಲ್ಲ ಕಾಲೇಜಿನೋರೇ ಹೇಳಿ ಮಾಡಿಸ್ತಾರೆ, ನಿಮಗೆ ಹೇಳೋರು ಇರಲ್ಲ. ಕರ್ನಾಟಕದಲ್ಲಿ ಒಂದರಿಂದ ಹನ್ನೆರಡನೇ ತರಗತಿ ಒಳಗೆ ಕನಿಷ್ಠ ಏಳು ವರ್ಷ ಓದಿದ ವ್ಯಾಸಂಗ ಪ್ರಮಾಣಪತ್ರ ಬೇಕು. ಹಳ್ಳಿ ಶಾಲೆಯಲ್ಲಿ ಒಂದರಿಂದ ಹತ್ತರವರೆಗೆ ಓದಿದ್ದರೆ ಗ್ರಾಮೀಣ ಮೀಸಲಾತಿ ಶೇ 15, ಆ ಹತ್ತೂ ವರ್ಷ ಕನ್ನಡ ಮಾಧ್ಯಮ ಆಗಿದ್ದರೆ ಶೇ 5. ಇವು ಕೆಇಎ ಕೊಟ್ಟ ನಮೂನೆಯಲ್ಲೇ ಇರಬೇಕು, ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ. ಪ್ರಾಥಮಿಕ ಒಂದೂರು, ಹೈಸ್ಕೂಲ್ ಇನ್ನೊಂದೂರು, ನಡುವೆ ಒಂದು ವರ್ಷ ಚಿತ್ರದುರ್ಗದ ಹಾಸ್ಟೆಲ್‌ನಲ್ಲಿದ್ದು ಪಟ್ಟಣದ ಶಾಲೆ ಅಂತಿದ್ದರೆ ಗ್ರಾಮೀಣ ಮೀಸಲಾತಿ ಹೋಯ್ತು, ಒಂದೇ ವರ್ಷ ಆದರೂ ಹೋಯ್ತು. ಶಾಲೆ ಮುಚ್ಚಿಹೋಗಿದ್ದರೆ ದಾಖಲಾತಿ ಪುಸ್ತಕ ಎಲ್ಲಿಗೆ ಹೋಗಿದೆ ಅಂತ ಬಿಇಒ ಕಚೇರಿಯಲ್ಲೇ ಕೇಳಬೇಕು. ಡಿಸೆಂಬರ್‌ನಲ್ಲೇ ಒಂದು ವಾರ ರಜೆ ಹಾಕಿ ಊರಿಗೆ ಹೋಗಿ ಮುಗಿಸಿಕೊಳ್ಳಿ. ಎಸ್ಸೆಸ್ಸೆಲ್ಸಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಇನ್ನೊಂದು ಹೆಸರು ಇದ್ದರೆ ಅದನ್ನೂ ಈಗಲೇ ಸರಿ ಮಾಡಿಸಿ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ, ಅರ್ಜಿಗೆ ಬೇಕಾಗೋದು ಅದರ ಆರ್‌ಡಿ ನಂಬರ್.

ಕೃಷಿಕರ ಕೋಟಾ ಅಂತ ಇನ್ನೊಂದಿದೆ. ಮನೆಯಲ್ಲಿ ಜಮೀನಿದ್ದು ಬೇಸಾಯವೇ ಕಸುಬಾಗಿದ್ದರೆ ಪ್ರಮಾಣಪತ್ರ ಮಾಡಿಸಿಕೊಂಡು ಅರ್ಜಿಯಲ್ಲೇ ಗುರುತು ಹಾಕಬೇಕು, ತಿದ್ದುಪಡಿ ಅವಧಿ ದಾಟಿದ ಮೇಲೆ ಅತ್ತರೂ ಸಿಗಲ್ಲ. ಇದಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇದೆ, ಎದುರಿಗೆ ಇಟ್ಟ ವಸ್ತು ಗುರುತಿಸೋದು. ಹತ್ತು ವರ್ಷ ಬೆಂಗಳೂರಲ್ಲಿದ್ದು ಸಜ್ಜೆ, ನವಣೆ, ಸಾಮೆ ಬೀಜ ಪಕ್ಕಪಕ್ಕ ಇಟ್ಟರೆ ತಡವರಿಸೋರು ಇದ್ದಾರೆ. ಒಂದು ಭಾನುವಾರ ಅಜ್ಜಿ ಹತ್ತಿರ ಕೂತು ಕಲಿತುಬಿಡಿ. 371ಜೆ, ಅಂದರೆ ಕಲ್ಯಾಣ ಕರ್ನಾಟಕದವರಿಗೆ ಇರೋ ಮೀಸಲಾತಿ, ನಿಮಗೆ ಬರಲ್ಲ. ಚಿತ್ರದುರ್ಗ, ದಾವಣಗೆರೆ ಎರಡೂ ಅದರಾಚೆ. ಹಿಂದೆ ದಾವಣಗೆರೆ ಜಿಲ್ಲೆಯಲ್ಲಿದ್ದು ಈಗ ವಿಜಯನಗರಕ್ಕೆ ಸೇರಿರೋ ಹರಪನಹಳ್ಳಿಯವರಿಗೆ ಮಾತ್ರ ಉಂಟು.

ಕಾಲೇಜು ಆಯ್ಕೆಗೆ ಬಂದರೆ ನಮ್ಮ ಎರಡೂ ಜಿಲ್ಲೆಯಲ್ಲಿ ಪಶುವೈದ್ಯಕೀಯ ಕಾಲೇಜಿಲ್ಲ, ಹತ್ತಿರದ್ದು ಶಿವಮೊಗ್ಗ. ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನ, ಗದಗ, ಅಥಣಿಯಲ್ಲೂ ಇವೆ, ಎಲ್ಲ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗೆ. ಊರಿಗೆ ಹತ್ತಿರ ಅಂತ ಶಿವಮೊಗ್ಗ ಒಂದನ್ನೇ ಹಾಕಿ ಕೂರಬೇಡಿ, ಎಲ್ಲವನ್ನೂ ಹಾಕಿ. ಸೀಟು ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್ ಇರುತ್ತೆ: ಒಂದನೇದು ಒಪ್ಪಿ ಸೇರೋದು, ಎರಡನೇದು ಇದನ್ನು ಹಿಡಿದುಕೊಂಡೇ ಮುಂದಿನ ಸುತ್ತಿಗೆ ಕಾಯೋದು, ಮೂರನೇದು ಇದನ್ನು ಬಿಟ್ಟು ಕಾಯೋದು, ನಾಲ್ಕನೇದು ಹೊರಗೆ ಹೋಗೋದು. ಮೂರನೇದು ಒತ್ತಿ ಕೈಯಲ್ಲಿದ್ದ ಸೀಟು ಕಳಕೊಂಡೋರು ಪ್ರತಿ ವರ್ಷ ಸಿಗ್ತಾರೆ. ನಿಮ್ಮಂಥವರಿಗೆ ಒಂದು ಅಥವಾ ಎರಡು ಬಿಟ್ಟು ಬೇರೆ ಇಲ್ಲ. ಎಂಬಿಬಿಎಸ್ ಸಿಕ್ಕವರು ಎದ್ದು ಹೋಗೋದರಿಂದ ಕೊನೆಯ ಸುತ್ತಿನವರೆಗೂ ಸೀಟು ಅಲುಗಾಡ್ತಾ ಇರುತ್ತೆ.

ವಯಸ್ಸಿಗೆ ಈಗ ಬರೋಣ. ಸಿಇಟಿಗೆ ಗರಿಷ್ಠ ವಯೋಮಿತಿ ಇಲ್ಲ, ನೀಟ್‌ನ ಮಿತಿಯನ್ನೂ ತೆಗೆದಿದ್ದಾರೆ. ಕನಿಷ್ಠ ಮಾತ್ರ 17. ತೊಡಕಿರೋದು ಆ ಕಡೆ ತುದಿಯಲ್ಲಿ. ಕೋರ್ಸ್ ಐದೂವರೆ ವರ್ಷ, ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಸಂಜೆ ಕಾಲೇಜು, ದೂರಶಿಕ್ಷಣ, ಲ್ಯಾಟರಲ್ ಎಂಟ್ರಿ ಯಾವುದೂ ಇಲ್ಲ, ಹಾಜರಾತಿ ಶೇ 75 ಬೇಕೇ ಬೇಕು. 30ಕ್ಕೆ ಸೇರಿದರೆ ಹೊರಗೆ ಬರೋ ಹೊತ್ತಿಗೆ 36ರ ಹತ್ತಿರ. ರಾಜ್ಯ ಸರ್ಕಾರದ ನೇರ ನೇಮಕಾತಿಗೆ ಸಾಮಾನ್ಯ ಮಿತಿ 35, ಹಿಂದುಳಿದ ವರ್ಗ 2ಎಯಿಂದ 3ಬಿವರೆಗೆ 38, ಪರಿಶಿಷ್ಟರು ಮತ್ತು ಪ್ರವರ್ಗ-1ಕ್ಕೆ 40. ಆಗಾಗ ಒಂದು ಬಾರಿಗೆ ಅಂತ ಸಡಿಲಿಸ್ತಾರೆ, ಅದನ್ನು ನಂಬಿ ಬದುಕು ಕಟ್ಟೋಕಾಗಲ್ಲ. 2024ರಲ್ಲಿ ಕೆಪಿಎಸ್‌ಸಿ 400 ಪಶುವೈದ್ಯಾಧಿಕಾರಿ ಹುದ್ದೆಗೆ ಕರೆದಿತ್ತು, ಅಂಥ ಕರೆ ವರ್ಷವರ್ಷ ಬರಲ್ಲ. ಸಾಮಾನ್ಯ ವರ್ಗದವರಾದರೆ ಸರ್ಕಾರಿ ನೌಕರಿಯನ್ನು ಲೆಕ್ಕದಿಂದ ತೆಗೆದೇ ಯೋಚಿಸಿ: ಸ್ವಂತ ಪ್ರಾಕ್ಟೀಸ್, ಹಾಲು ಒಕ್ಕೂಟ, ಔಷಧ ಮತ್ತು ಆಹಾರ ಕಂಪನಿ, ಬೆಂಗಳೂರಿನ ನಾಯಿ-ಬೆಕ್ಕಿನ ಕ್ಲಿನಿಕ್. ಸರ್ಕಾರಿ ಸೀಟಿನ ಶುಲ್ಕ ನಿಮ್ಮನ್ನು ಮುಳುಗಿಸಲ್ಲ. ಐದೂವರೆ ವರ್ಷ ಸಂಬಳ ಇಲ್ಲದಿರೋದು ಮುಳುಗಿಸಬಹುದು. ಒಂದು ವೃತ್ತಿ ಪದವಿ ಮುಗಿಸಿ ಇನ್ನೊಂದಕ್ಕೆ ಸೇರಿದವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವೂ ಬರಲ್ಲ, ಅದನ್ನು ಆದಾಯ ಅಂತ ಬರೆದುಕೊಳ್ಳಬೇಡಿ.

ಬೇರೆ ರಾಜ್ಯದ ಖಾಸಗಿ ಕಾಲೇಜಿನ ಏಜೆಂಟ್ ಫೋನ್ ಮಾಡಿದರೆ, ಆ ಕಾಲೇಜಿಗೆ ವಿಸಿಐ ಮಾನ್ಯತೆ ಇದೆಯಾ ಅಂತ ವಿಸಿಐ ಪಟ್ಟಿಯಲ್ಲೇ ನೋಡಿ. ಮಾನ್ಯತೆ ಇಲ್ಲದ ಪದವಿಗೆ ನೋಂದಣಿ ಆಗಲ್ಲ, ನೋಂದಣಿ ಇಲ್ಲದೆ ಚಿಕಿತ್ಸೆ ಮಾಡೋದು 1984ರ ಕಾಯ್ದೆ ಪ್ರಕಾರ ತಪ್ಪು.

ಸೀಟಿಗೆ ಯಾವ ಅನುಭವ ಪತ್ರವೂ ಬೇಡ. ಆದರೂ ರಾಜೀನಾಮೆಗೆ ಮುಂಚೆ ನಾಲ್ಕು ಶನಿವಾರ ಬೆಳಿಗ್ಗೆ ನಿಮ್ಮ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ, ವೈದ್ಯರ ಅನುಮತಿ ಕೇಳಿ, ಸುಮ್ಮನೆ ನಿಂತು ನೋಡಿ. ಕುರಿ ಕಂಡೇ ಬೆಳೆದೆ ಅಂತೀರಿ, ಆದರೆ ಸಾಕೋದು ಬೇರೆ, ಈ ಕೆಲಸ ಬೇರೆ. ಜಂತಿನ ಔಷಧ ಕುಡಿಸೋದನ್ನೇ ತಗೊಳ್ಳಿ. ಕುರಿಯ ತಲೆಯನ್ನು ನೆಲಕ್ಕೆ ಸಮವಾಗಿ ಹಿಡಿಯಬೇಕು. ಬಾಟಲಿ ಬೇಗ ಖಾಲಿಯಾಗಲಿ ಅಂತ ಮೂತಿ ಮೇಲೆತ್ತಿದರೆ ಔಷಧ ಹೊಟ್ಟೆ ಬಿಟ್ಟು ಶ್ವಾಸಕೋಶಕ್ಕೆ ಇಳಿಯುತ್ತೆ, ಎರಡು ಮೂರು ದಿನದಲ್ಲಿ ಕುರಿ ಉಸಿರು ಕಟ್ಟಿ ಸಾಯುತ್ತೆ, ಮಾಲೀಕ 'ಔಷಧವೇ ವಿಷ' ಅಂತಾನೆ. ಗಬ್ಬ ನಿಂತ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಕುಡಿಸಿದರೆ ಮರಿ ಅಂಗವಿಕಲ ಆಗಬಹುದು. ಮುಂಗಾರಿನ ಮೊದಲ ಹಸಿ ಹುಲ್ಲು ಹೊಟ್ಟೆತುಂಬ ಮೇದು ಬಂದ ಹಿಂಡಿನಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ಕೊಬ್ಬಿದ ಮರಿಗಳೇ ಸತ್ತು ಬಿದ್ದಿರುತ್ತವೆ. ಕರುಳುಬೇನೆ ಅಂತಾರಲ್ಲ, ಅದು. ಲಸಿಕೆ ಮಳೆಗೆ ಮುಂಚೆಯೇ ಬಿದ್ದಿರಬೇಕು, ಸಾವು ಶುರುವಾದ ಮೇಲೆ ಓಡಿದರೆ ಆ ಮರಿಗಳಿಗೆ ಉಪಯೋಗ ಇಲ್ಲ. ಅಡ್ಡಬಿದ್ದ ಕರು ತಿರುಗಿಸೋಕೆ ಭುಜದವರೆಗೆ ಕೈ ಹಾಕಿ ಅರ್ಧ ಗಂಟೆ ಒದ್ದಾಡೋದನ್ನೂ ಹತ್ತಿರದಿಂದ ನೋಡಿ. ಕಂದು ಹಾಕಿದ ಹಸುವಿನ ಸತ್ತೆಯನ್ನು (ಮಾಸು) ಬರಿಗೈಯಲ್ಲಿ ಮುಟ್ಟಬೇಡಿ, ಕಂದು ಹಾಕಿಸೋ ಬ್ರುಸೆಲ್ಲಾ ರೋಗಾಣು ಮನುಷ್ಯರಿಗೂ ಅಂಟುತ್ತೆ. ನಾಯಿಗಳ ಹತ್ತಿರ ನಿಲ್ಲೋದಾದರೆ ರೇಬೀಸ್ ಲಸಿಕೆ ಮುಂಚೆಯೇ ಹಾಕಿಸಿಕೊಳ್ಳಿ.

ನೋಡಿದ ಮೇಲೆ ನನಗೆ ಬೇಕಿರೋದು ಕುರಿಯೇ ಹೊರತು ಸ್ಟೆತಸ್ಕೋಪ್ ಅಲ್ಲ ಅನ್ನಿಸಿದರೆ ಅದಕ್ಕೆ ಪದವಿ ಬೇಡ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 100 ಹೆಣ್ಣು, 5 ಟಗರಿನ ಘಟಕದಿಂದ 500 ಹೆಣ್ಣು, 25 ಟಗರಿನ ಘಟಕದವರೆಗೆ ಬಂಡವಾಳದ ಅರ್ಧ ಸಹಾಯಧನ ಇದೆ, ದೊಡ್ಡ ಘಟಕಕ್ಕೆ 50 ಲಕ್ಷದ ಮಿತಿ. ಇಂಜಿನಿಯರ್ ಬುದ್ಧಿ ಅಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತೆ.

ಇಲ್ಲ, ವೈದ್ಯನೇ ಆಗಬೇಕು ಅಂತಿದ್ದರೆ ಒಂದು ಎಚ್ಚರಿಕೆ. ಅರ್ಜಿ ಸಾಮಾನ್ಯವಾಗಿ ಜನವರಿ-ಫೆಬ್ರವರಿ, ಪರೀಕ್ಷೆ ಏಪ್ರಿಲ್, ಸೀಟು ಸಿಕ್ಕ ಮೇಲೆ ಸೇರೋಕೆ ಕೊಡೋದು ಕೆಲವೇ ದಿನ. ನಿಮ್ಮ ಕಂಪನಿಯ ನೋಟಿಸ್ ಅವಧಿ 90 ದಿನ ಇದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ತೀರಿ. ನೋಟಿಸ್ ದಿನಗಳನ್ನು ದುಡ್ಡು ಕೊಟ್ಟು ಬಿಡಿಸಿಕೊಳ್ಳೋ ಅವಕಾಶ ಇದೆಯಾ ಅಂತ ನೇಮಕಾತಿ ಪತ್ರ ಓದಿ, ಆ ಮೊತ್ತ ಬೇರೆ ಎತ್ತಿಡಿ. ಸೀಟು ಕೈಗೆ ಬರೋವರೆಗೆ ರಾಜೀನಾಮೆ ಬೇಡ. ಬಿಇ ಕಾಲೇಜಿನ ವರ್ಗಾವಣೆ ಪತ್ರ, ವಿಟಿಯು ಮೈಗ್ರೇಷನ್ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಮೂಲ ಅಂಕಪಟ್ಟಿ ಈಗಲೇ ಒಂದು ಕವರಿಗೆ ಹಾಕಿಡಿ. ಯಾವುದಾದರೂ ಬ್ಯಾಂಕಿನಲ್ಲಿ ಶಿಕ್ಷಣ ಸಾಲಕ್ಕೆ ಅಡ ಇದ್ದರೆ ಜೂನ್‌ಗೆ ಮುಂಚೆ ಬಿಡಿಸಿಕೊಂಡು ಬನ್ನಿ.